ಆ ಬಾವಿಯ ನೀರು ಸಾಲಿಗೆ ಬಂದ ವರ್ಷ

ನಾನು ಹುಟ್ಟಿ ಬೆಳೆದದ್ದು ಕಾರಟಗಿ ಹತ್ತಿರದ ಒಂದು ಊರಿನಲ್ಲಿ. ಹಿತ್ತಲ ಬಾಗಿಲು ತೆರೆದರೆ ಕಾಲುವೆ, ಕಾಲುವೆಯ ಆಚೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಮುನಿರಾಬಾದಿನ ಡ್ಯಾಮಿನಲ್ಲಿ ನೀರು ಬಿಟ್ಟರೆಂಬ ಸುದ್ದಿ ಬಂದರೆ ಊರಿಗೆ ಊರೇ ಸಲಿಕೆ ಹಿಡಿದು ಗದ್ದೆಗೆ ಇಳಿಯುತ್ತಿತ್ತು. ನಾವು ಮಕ್ಕಳು ಕಾಲುವೆಯಲ್ಲಿ ಬಿದ್ದು ಕಣ್ಣು ಕೆಂಪಗಾಗುವವರೆಗೆ ಈಜುತ್ತಿದ್ದೆವು. ಹೀಗೆ ಬೆಳೆದ ನಾನು ಭೂವಿಜ್ಞಾನ ಓದಿ, ಕೊಪ್ಪಳದಲ್ಲಿ ನೀರಿನ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಗೆ ಸೇರಿದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ.

"ನೀರಿದ್ದ ಊರು ಬಿಟ್ಟು, ನೀರಿಲ್ಲದ ಊರಾಗ ನೀರು ಹುಡುಕಾಕ ಹೊಂಟೀಯೇನವ್ವಾ?" ಎಂದ. ನಕ್ಕರೂ ಬೆಳಿಗ್ಗೆ ಎದ್ದು ಸೋನಾ ಮಸೂರಿಯ ಸಣ್ಣ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ಬಂದ. "ಅಲ್ಲಿ ಬರೇ ರೊಟ್ಟಿ ತಿಂತಾರ. ನಿನಗ ಅನ್ನ ಇಲ್ಲದ ಆಗೂದಿಲ್ಲ" ಎಂದು ಡ್ರೈವರನ ಹಿಂದಿನ ಸೀಟಿನ ಕೆಳಗೆ ತಾನೇ ಚೀಲ ಸರಿಸಿಟ್ಟು ಇಳಿದುಹೋದ.

ಸಂಸ್ಥೆ ನನ್ನನ್ನು ಕಳಿಸಿದ್ದು ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಗಡಿಯಲ್ಲಿರುವ ಒಂದು ಹಳ್ಳಿಗೆ. ಒಂದು ಕಡೆ ಕಪ್ಪು ಎರೆ ಹೊಲ, ಇನ್ನೊಂದು ಕಡೆ ಕೆಂಪು ಮಸಾರಿ ನೆಲ, ನಡುವೆ ಒಂದು ಹಳ್ಳ. ಮಳೆಗಾಲದ ಕೆಲವು ದಿನ ಬಿಟ್ಟರೆ ಹಳ್ಳದಲ್ಲಿ ಮರಳೂ ಜಾಲಿ ಮುಳ್ಳೂ ಅಷ್ಟೇ. ನನ್ನ ಕೆಲಸ ಹೇಳಲು ಸುಲಭ. ಸುತ್ತಲಿನ ಬಾವಿ, ಬೋರುಗಳ ನೀರಿನ ಮಟ್ಟ ಅಳೆಯಬೇಕು. ಸಾಲಿಯಲ್ಲಿ ಮಕ್ಕಳಿಗೆ ನೀರಿನ ಪಾಠ ಮಾಡಬೇಕು. ಊರಿನವರನ್ನು ಕೂಡಿಸಿ, ಇರುವ ನೀರನ್ನು ಹೇಗೆ ಬಳಸಬೇಕು ಎಂದು ಅವರೇ ಒಂದು ಯೋಜನೆ ಮಾಡಿಕೊಳ್ಳುವಂತೆ ನೋಡಬೇಕು.

ಉಳಿಯಲು ಮನೆ ಕೊಟ್ಟವರು ಆ ಊರಿನ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು. ನನಗೂ ಅವರು ಅಕ್ಕೋರೇ ಆದರು. ಅದೇ ಊರಿನಲ್ಲಿ ಹುಟ್ಟಿ, ಕುಷ್ಟಗಿಯಲ್ಲಿ ಓದಿ, ಮತ್ತೆ ಅದೇ ಊರಿಗೆ ಟೀಚರಾಗಿ ಬಂದವರು. ಮನೆಯಲ್ಲಿ ಅವರೂ ಅವರ ತಾಯಿಯೂ ಇಬ್ಬರೇ. ತಾಯಿಯ ಬೆನ್ನು ಪೂರ್ತಿ ಬಾಗಿತ್ತು. ಕುತ್ತಿಗೆ ತಿರುಗುತ್ತಿರಲಿಲ್ಲ, ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ನಾನು ಹೋದ ದಿನ ಹಾಗೆ ಮೈ ತಿರುಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಯಾಕಿಯವ್ವಾ?" ಎಂದರು.

"ಕಾರಟಗಿ ಕಡೆಯಾಕಿರಿ."

"ಹಂಗಾದ್ರ ನೆಲ್ಲು ಬೆಳಿಯೂ ಮಂದಿ. ನೀರಾಗ ಹುಟ್ಟಿದಾಕಿ. ಇಲ್ಲಿ ಹ್ಯಾಂಗ ಇರ್ತೀಯವ್ವಾ?"

ಅಕ್ಕೋರು ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರು ಮಾತಾಡುವಾಗಲೂ ಹಾಗೆಯೇ, ಸೆರಗು ಬಾಯಿಯ ಹತ್ತಿರವೇ ಇರುತ್ತಿತ್ತು. ನಾಚಿಕೆಯ ಸ್ವಭಾವ ಇರಬೇಕು ಅಂದುಕೊಂಡೆ.

ಹೇಗೆ ಇರಬೇಕೆಂದು ಅವರೇ ಕಲಿಸಿದರು, ಒಂದು ಮಾತೂ ಹೇಳದೆ. ಅಕ್ಕಿ ತೊಳೆದ ನೀರು ಪಕ್ಕದ ಮನೆಯ ಎಮ್ಮೆಗೆ ಹೋಗುತ್ತಿತ್ತು. ಪಾತ್ರೆ ತೊಳೆದ ನೀರು ಹಿತ್ತಲಿನ ನಿಂಬೆ ಗಿಡಕ್ಕೆ. ಬಟ್ಟೆ ಒಗೆದ ನೀರನ್ನು ಸಂಜೆಯವರೆಗೆ ಬಕೆಟ್ಟಿನಲ್ಲಿಟ್ಟು ಅಂಗಳಕ್ಕೆ ಚಿಮುಕಿಸುತ್ತಿದ್ದರು. ನಾನು ಕೈ ತೊಳೆಯಲು ನಿಂತರೆ ತಾಯಿ ಮೆಲ್ಲಗೆ ಬಂದು ಕೆಳಗೊಂದು ಬೋಗುಣಿ ಸರಿಸಿ, ಏನೂ ಆಗಿಲ್ಲ ಎಂಬಂತೆ ಹೋಗಿ ಕೂತುಬಿಡುತ್ತಿದ್ದರು. ಸಂಕಟವಾಗಲಿಲ್ಲ, ಸಂತೋಷವೇ ಆಗುತ್ತಿತ್ತು. ನನ್ನನ್ನು ಮನೆಯವಳೆಂದು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎನ್ನಿಸುತ್ತಿತ್ತು. ಅಪ್ಪ ಕೊಟ್ಟ ಅಕ್ಕಿಯ ಅನ್ನ ಮಾಡಿದ ದಿನ ಅವರಿಗೆ ಹಬ್ಬ. ಉಳಿದ ದಿನ ನಾನು ಸಜ್ಜಿ ರೊಟ್ಟಿ, ಪುಂಡಿಪಲ್ಯಕ್ಕೆ ಒಗ್ಗಿಕೊಂಡೆ. ಎಷ್ಟು ಒಗ್ಗಿದೆನೆಂದರೆ ಈಗಲೂ ಕೊಪ್ಪಳದ ನನ್ನ ಮನೆಯಲ್ಲಿ ವಾರಕ್ಕೊಮ್ಮೆ ಪುಂಡಿಪಲ್ಯ ಆಗಲೇಬೇಕು.

ಕುಡಿಯುವ ನೀರು ಬರುತ್ತಿದ್ದದ್ದು ಊರ ಬೋರಿನಿಂದ. ಊರ ಮುಂದೆ ನೀರು ಶುದ್ಧ ಮಾಡುವ ಘಟಕವೊಂದಿತ್ತು, ಅದು ನಾನು ಹೋಗುವ ಹೊತ್ತಿಗೆ ಕೆಟ್ಟು ನಿಂತು ಬಹಳ ಕಾಲವಾಗಿತ್ತು. ಹೀಗಾಗಿ ಎಲ್ಲರೂ ಬೋರಿನಿಂದ ಟಾಕಿಗೆ ತುಂಬಿದ ನೀರನ್ನೇ ಕುಡಿಯುತ್ತಿದ್ದರು. ಕಣ್ಣಿಗೆ ತಿಳಿಯಾದ ನೀರು. ನಾಲಿಗೆಗೆ ಒಂದಿಷ್ಟು ಸಪ್ಪೆ, ಅಷ್ಟೇ.

ದಿನಾಲೂ ಬೆಳಿಗ್ಗೆ ಅಳತೆಯ ಟೇಪು ಹೆಗಲಿಗೆ ಹಾಕಿಕೊಂಡು ಹೊಲಗಳಿಗೆ ಹೋಗುತ್ತಿದ್ದೆ. ಟೇಪಿನ ತುದಿ ನೀರಿಗೆ ತಾಗಿದ ಕೂಡಲೇ ಮೇಲಿನ ಡಬ್ಬಿ ಕುಂಯ್ ಎನ್ನುತ್ತಿತ್ತು. ಅದನ್ನು ಕೇಳಲೆಂದೇ ಕಳೆ ತೆಗೆಯುವ ಹೆಂಗಸರು ಕೈಯ ಕುರ್ಚಿಗಿ ಕೆಳಗಿಟ್ಟು ಬರುತ್ತಿದ್ದರು. ಬಹುತೇಕ ಬಾವಿಗಳು ಒಣಗಿದ್ದವು, ಬೋರಿನ ಪೈಪಿನೊಳಗೆ ಟೇಪು ಬಿಟ್ಟಷ್ಟೂ ಇಳಿಯುತ್ತಲೇ ಇರುತ್ತಿತ್ತು. ಹಳ್ಳದ ದಂಡೆಯ ದಾಳಿಂಬೆ ತೋಟದಲ್ಲಿ ಮಾತ್ರ ಒಂದು ಹಳೆಯ ಕಲ್ಲುಗಟ್ಟಿನ ಬಾವಿ ಜೀವಂತವಾಗಿತ್ತು. ಒಂದು ಬದಿಗೆ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ನೀರು ಹೊಳೆಯುತ್ತಿತ್ತು.

ತೋಟದ ಒಡೆಯರು ಅರವತ್ತು ದಾಟಿದ ಎತ್ತರದ ಆಳು. ತಲೆಗೆ ಬಿಳಿ ರುಮಾಲು, ಕೈಯಲ್ಲಿ ಯಾವಾಗಲೂ ಕತ್ತರಿ. ಊರವರು ಅವರನ್ನು ಯಜಮಾನ್ರು ಎನ್ನುತ್ತಿದ್ದರು. ನಾನು ಟೇಪು ಬಿಚ್ಚುತ್ತಿದ್ದಂತೆ ಬಂದು ನಿಂತರು.

"ನನ್ನ ಬಾವ್ಯಾಗ ಏನ್ ಇಳಿಬಿಡ್ತೀಯವ್ವಾ?"

"ನೀರು ಎಷ್ಟೈತಿ ನೋಡ್ತೀನ್ರಿ, ಯಜಮಾನ್ರ."

"ನೋಡು. ಮೊದಲ ಆ ಪಟ್ಟಿ ತೊಳಿ. ಯಾರ‍್ಯಾರ ಬೋರಿಗೆ ಇಳಿಬಿಟ್ಟು ಬಂದಿರ್ತಿ. ಇದು ನನ್ನ ಮುತ್ತ್ಯಾ ತೋಡಿಸಿದ ಬಾವಿ, ಇದರ ನೀರು ಕೆಡಬಾರದು."

ತೊಳೆದೆ. ಅಳತೆಯಾದ ಮೇಲೆ ಗಿಡದ ನೆರಳಿಗೆ ಕರೆದು ಹಣ್ಣೊಂದನ್ನು ಸೀಳಿ ಅರ್ಧ ನನ್ನ ಕೈಗಿಟ್ಟರು. ಅಲ್ಲಿಂದಾಚೆ ಪ್ರತಿ ತಿಂಗಳೂ ನಾನು ಬರುವುದನ್ನು ಕಾಯುತ್ತಿದ್ದರು. ನೀರು ಇಳಿದಿದೆಯೋ ಏರಿದೆಯೋ ಎಂದು ತಾವೇ ಮೊದಲು ಅಂದಾಜು ಹೇಳಿ, ಆಮೇಲೆ ಟೇಪು ಬಿಡಲು ಹೇಳುತ್ತಿದ್ದರು. ಕೆಲವೊಮ್ಮೆ ಅವರ ಅಂದಾಜು ಸರಿ, ಕೆಲವೊಮ್ಮೆ ತಪ್ಪು. ತಪ್ಪಾದ ದಿನ ಟೇಪಿನ ಮೇಲೆ ಸಿಟ್ಟು.

ಸಾಲಿಯಲ್ಲಿ ನೀರಿನ ಪಾಠ ಶುರುವಾದದ್ದು ದೀಪಾವಳಿ ರಜೆ ಮುಗಿದ ಮೇಲೆ. ಮಕ್ಕಳಿಗೆ, ಮನೆಯಲ್ಲಿ ಕುಡಿಯುವ ನೀರನ್ನು ಒಂದೊಂದು ಬಾಟಲಿಯಲ್ಲಿ ತರಲು ಹೇಳಿದ್ದೆ. ನನ್ನ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಒಂದು ದ್ರಾವಣವಿತ್ತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಗುಲಾಬಿ ಹೋಗಿ ಹಳದಿಯಾಗುತ್ತದೆ. ಮಕ್ಕಳಿಗೆ ಅದು ಜಾದೂ. ಮೊದಲ ಬಾಟಲಿ ಹಳದಿಯಾದಾಗ ಚಪ್ಪಾಳೆ ತಟ್ಟಿದರು. ಎರಡನೆಯದೂ ಹಳದಿ. ಮುಂದಿನದೂ ಹಳದಿ. ಫ್ಲೋರೈಡ್ ಎಂದರೆ ಕಲ್ಲಿನೊಳಗಿನ ಒಂದು ಉಪ್ಪಿನಂಥದ್ದು, ಆಳದ ಬೋರಿನ ನೀರಿನಲ್ಲಿ ಕರಗಿ ಬರುತ್ತದೆ, ಸಣ್ಣವರ ಹಲ್ಲಿಗೂ ದೊಡ್ಡವರ ಎಲುಬಿಗೂ ಹತ್ತುತ್ತದೆ ಎಂದು ಹೇಳುತ್ತ ಹೋದೆ. ಚಪ್ಪಾಳೆ ನಿಂತುಹೋಯಿತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಕೇಳಿದಳು: "ಅದಕ್ಕ ನಮ್ಮ ಹಲ್ಲು ಹಿಂಗ ಆಗ್ಯಾವೇನ್ರಿ? ನಾನು ದಿನಾ ಎರಡು ಸಲ ತಿಕ್ಕತೀನ್ರಿ."

ಬಾಗಿಲ ಹತ್ತಿರ ನಿಂತಿದ್ದ ಅಕ್ಕೋರು ಒಳಗೆ ಬಂದರು. ಹುಡುಗಿಯ ಪಕ್ಕದಲ್ಲಿ ನಿಂತು ಸೆರಗನ್ನು ಬಾಯಿಯಿಂದ ಸರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಎಲ್ಲ ಮಕ್ಕಳ ಕಡೆ ತಿರುಗಿ, ಹಲ್ಲು ಪೂರ್ತಿ ಕಾಣುವಂತೆ ಬಾಯಿ ತೆರೆದರು. ಕಂದು ಗೆರೆಗಳು ಬಿದ್ದ, ಅಂಚು ಮುಕ್ಕಾದ ಹಲ್ಲುಗಳು.

"ನೋಡ್ರಿ, ನನ್ನವೂ ಹಿಂಗ ಅದಾವ," ಎಂದರು. "ನಾನೂ ನಿಮ್ಮಂಗ ಇದ ಸಾಲ್ಯಾಗ ಕಲಿತಾಕಿ, ಇದ ನೀರು ಕುಡದಾಕಿ. ನಮ್ಮವ್ವ ಬಾಗಿ ನಡ್ಯೂದು ನೀವು ನೋಡೀರಿಲ್ಲ? ಅದೂ ಇದರಿಂದಾನ. ನಾವು ತಿಕ್ಕಿಲ್ಲಂತ ಆಗಿದ್ದಲ್ಲ, ನಮ್ಮ ತಪ್ಪಲ್ಲ. ಕೈ ತಗಿ ಬಾಯಿಂದ, ಮಗಳ."

ಹುಡುಗಿ ಕೈ ತೆಗೆದಳು. ಅಕ್ಕೋರ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಒಂದಿಷ್ಟೂ ನಡುಕವಿರಲಿಲ್ಲ. ನಾನು ಹೊತ್ತು ತಂದ ಪೆಟ್ಟಿಗೆಯಿಂದ ಅವತ್ತು ಯಾರಿಗೆ ಏನು ತಿಳಿಯಿತೋ, ಅಕ್ಕೋರು ಮಾಡಿದ ಪಾಠ ಮಾತ್ರ ಎಲ್ಲರಿಗೂ ತಿಳಿಯಿತು. ಅವರ ಎದುರು ನಾನು ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಮನಸ್ಸಿನಲ್ಲಂತೂ ಮುಗಿದೆ.

ಉಳಿದ ಬಾಟಲಿಗಳನ್ನೂ ನೋಡಿದೆವು. ಒಂದು ಮಾತ್ರ ಗುಲಾಬಿಯಾಗಿಯೇ ಉಳಿಯಿತು. ಅದನ್ನು ತಂದವಳ ತಾಯಿ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು; ಬರುವಾಗ ಆ ಕಲ್ಲುಬಾವಿಯ ನೀರನ್ನು ಕೊಡದಲ್ಲಿ ತರುತ್ತಿದ್ದಳಂತೆ. ಮರುದಿನ ಬಾವಿಯ ನೀರನ್ನು ನಾನೇ ತಂದು ಪರೀಕ್ಷೆಗೆ ಕೊಪ್ಪಳಕ್ಕೂ ಕಳಿಸಿದೆ. ಅಲ್ಲಿಂದಲೂ ಅದೇ ಉತ್ತರ ಬಂತು. ಆಳದ ಕಲ್ಲಿನ ಸಂದಿನ ನೀರಿಗಿಂತ, ಮಳೆ ಇಂಗಿ ಮೇಲ್ಪದರದಲ್ಲೇ ನಿಲ್ಲುವ ಆ ಬಾವಿಯ ನೀರು ಒಳ್ಳೆಯದು. ನಮ್ಮ ಸಂಸ್ಥೆಯ ಹಿರಿಯ ಸರ್ ಫೋನಿನಲ್ಲಿ ಹೇಳಿದರು: "ನೀರು ಸಿಕ್ಕಿತಲ್ಲ. ಇನ್ನು ಕೇಳಾಕ ಬಾಯಿ ಬೇಕು. ಹೋಗಿ ಕೇಳ್ರಿ."

ಅಕ್ಕೋರೂ ನಾನೂ ಒಂದು ಸಂಜೆ ತೋಟಕ್ಕೆ ಹೋದೆವು. ಮಕ್ಕಳಿಗೆ, ಆಮೇಲೆ ಊರಿಗೆ, ಕುಡಿಯುವಷ್ಟು ನೀರು ಕೊಡಬೇಕೆಂದು ಅಕ್ಕೋರು ನೇರವಾಗಿ ಕೇಳಿದರು. ಯಜಮಾನ್ರು ನಮ್ಮನ್ನು ಬಾವಿಯ ಸುತ್ತ ಕರೆದುಕೊಂಡು ಹೋದರು. ಮೇಲ್ಗಡೆಯ ಹೊಲಗಳನ್ನು ತೋರಿಸಿದರು, ಹೂಳು ತುಂಬಿದ ಹಳ್ಳದ ಒಡ್ಡುಗಳನ್ನು ತೋರಿಸಿದರು.

"ಕುಡ್ಯಾಕ ನೀರು ಇಲ್ಲ ಅನ್ನಾಕ ನಾನು ಯಾರು?" ಎಂದರು ಕೊನೆಗೆ. "ಆದ್ರ ಅಕ್ಕೋರ, ಮ್ಯಾಲಿನ ಹೊಲದಾಗ ಬೋರ್ ಹಾಕಿಸಿದ್ರ ಈ ಬಾವಿ ಉಳಿಯೂದಿಲ್ಲ. ಆ ಕಡೆ ದಂಡಿ ಬಾವಿ ಎಲ್ಲಾ ಹಂಗ ಸತ್ತಾವು. ನಾನು ಇವತ್ತು ಕೊಡ್ತೀನಿ, ಎರಡು ವರ್ಷಕ್ಕ ಬಾವೀನ ಇಲ್ಲಂದ್ರ? ಮ್ಯಾಲ ಬೋರ್ ಹಾಕೂದಿಲ್ಲ, ಒಡ್ಡಿನ ಹೂಳು ತಗಿತೀವಿ ಅಂತ ಊರು ಮಾತು ಕೊಡಲಿ. ಅವತ್ತ ಬಂದು ನೀರು ಒಯ್ರಿ."

ಅದು ನ್ಯಾಯದ ಮಾತು. ನಾನು ತಿಂಗಳುಗಟ್ಟಲೆ ಅಳೆದದ್ದೂ ಅದನ್ನೇ ಹೇಳುತ್ತಿತ್ತು.

ಸಾಲಿಯ ಅಂಗಳದಲ್ಲಿ ಸಭೆ ಕೂಡಿತು. ಮಕ್ಕಳು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಇಡೀ ಊರನ್ನು ಬಿಡಿಸಿದರು. ಹಳ್ಳಕ್ಕೆ ನೀಲಿ, ಬೋರುಗಳಿಗೆ ಕೆಂಪು, ಕಲ್ಲುಬಾವಿಗೆ ಹಸಿರು. ನೀರು ಎಲ್ಲಿ ಬಿದ್ದು ಎಲ್ಲಿ ಹರಿಯುತ್ತದೆ ಎಂದು ಹೆಂಗಸರು ಸುತ್ತ ಕೂತು ತಮ್ಮತಮ್ಮ ಹೊಲದಿಂದ ಕೈ ಮಾಡಿ ತೋರಿಸಿದರು. ಒಬ್ಬಾಕೆ, "ನಮ್ಮ ಹೊಲ ಇಷ್ಟ ಸಣ್ಣದು ಮಾಡೀರಿ?" ಎಂದು ಜಗಳವನ್ನೇ ತೆಗೆದಳು, ಮಕ್ಕಳು ಅಳಿಸಿ ದೊಡ್ಡದು ಮಾಡಿದರು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಒಡ್ಡುಗಳ ಹೂಳು ತೆಗೆಯುವುದು, ಬಾವಿಯ ಮೇಲ್ಗಡೆ ಹೊಸ ಬೋರು ಹಾಕದಿರುವುದು ಎಂದು ಮಾತಾಯಿತು. ಎಲ್ಲರೂ ಕೈ ಎತ್ತಿದರು. ಕಂಪೌಂಡಿಗೆ ಒರಗಿ ನಿಂತಿದ್ದ ಒಬ್ಬ ಮಾತ್ರ ಎತ್ತಲಿಲ್ಲ. ಬಾವಿಗೆ ನೇರ ಮೇಲಿನ ಹೊಲ ಅವನದೇ. ಮದುವೆಯಾಗಿ ಬೇರೆ ಮನೆ ಮಾಡಿದ್ದ ತರುಣ ರೈತ. ಯಾರೂ ಅವನನ್ನು ಏನೂ ಕೇಳಲಿಲ್ಲ. ಅವನು ಹೊರಟುಹೋದ.

ಒಡ್ಡಿನ ಕೆಲಸ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕೋರು ಸದ್ದು ಕೇಳಿ ಹೊರಗೆ ಬಂದರು. ಊರ ಮುಂದಿನ ರಸ್ತೆಯಲ್ಲಿ ಬೋರ್ ಕೊರೆಯುವ ಲಾರಿ ಹೊರಟಿತ್ತು. ಹಿಂದೆ ಪೈಪು ತುಂಬಿದ ಇನ್ನೊಂದು ಲಾರಿ. ಎರಡೂ ಹಳ್ಳದ ಕಡೆ ತಿರುಗಿದವು. ಅಕ್ಕೋರು ಹಿಟ್ಟಿನ ಕೈಯಲ್ಲೇ ನಡೆದರು, ನಾನೂ ಹಿಂದೆ ಓಡಿದೆ. ನಾವು ಹೋಗುವಷ್ಟರಲ್ಲಿ ಲಾರಿ ಆ ತರುಣನ ಹೊಲದಲ್ಲಿ ನಿಂತಿತ್ತು, ಕೆಲಸದವರು ಕೊರೆಯುವ ಕಂಬ ಎತ್ತುತ್ತಿದ್ದರು. ಒಡ್ಡಿನ ಕೆಲಸಕ್ಕೆ ಬಂದ ಹೆಂಗಸರೂ ಬುಟ್ಟಿ ಬಿಟ್ಟು ಬಂದಿದ್ದರು.

"ತಮ್ಮಾ, ಊರು ಮಾತು ಕೊಟ್ಟೈತಿ," ಎಂದರು ಅಕ್ಕೋರು.

"ಊರು ಕೊಟ್ಟೈತ್ರಿ, ನಾ ಕೊಟ್ಟಿಲ್ಲ," ಎಂದ ಅವನು. ದನಿ ಏರಿಸಲಿಲ್ಲ. "ಅಕ್ಕೋರ, ನೀವು ನನಗ ಅಕ್ಷರ ಕಲಿಸಿದವ್ರು. ನಿಮಗ ಎದುರು ಮಾತಾಡಬಾರದು. ಬಾವಿ ಉಳಿಬೇಕು, ಹುಡುಗೂರಿಗೆ ನೀರು ಸಿಗಬೇಕು, ಎಲ್ಲಾ ಖರೇನ. ಆದ್ರ ನನ್ನ ಹೊಲದಾಗಿಂದು ನೀರು ಇಂಗಿ ಅವರ ಬಾವಿಗೆ ಹೋಗ್ತೈತಿ, ಅವರ ಗಿಡ ಹಸಿರಾಗಿರ್ತಾವ. ನನ್ನ ಹೊಲ ಒಣಗಿದ್ರ ನೀವು ಯಾವ ಸಭಾ ಕೂಡಸ್ತೀರಿ?"

ನಮ್ಮ ಯೋಜನೆಯಲ್ಲಿ ಹಳ್ಳವಿತ್ತು, ಬಾವಿಯಿತ್ತು, ಮಕ್ಕಳಿದ್ದರು. ಈ ಮನುಷ್ಯನ ಬೆಳೆ ಇರಲಿಲ್ಲ.

ಅಷ್ಟರಲ್ಲಿ ಯಜಮಾನ್ರು ತೋಟದಿಂದ ಏರಿ ಬಂದರು. ಜಗಳ ಆಗುತ್ತದೆ ಎಂದು ನಾನು ಹೆದರಿದೆ. ಅವರು ಲಾರಿಯ ಕಡೆ ನೋಡಲೇ ಇಲ್ಲ. ಬದುವಿನ ಮೇಲೆ ಕೂತು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ತರುಣನನ್ನು ಹತ್ತಿರ ಕರೆದು ಕೇಳಿದರು: "ಏನ್ ಹಾಕಬೇಕಂತ ಮಾಡೀಯಪ್ಪಾ?"

"ಉಳ್ಳಾಗಡ್ಡಿರಿ, ಕಾಕಾ."

"ಉಳ್ಳಾಗಡ್ಡಿ ಭಾಳ ನೀರು ಕುಡಿತೈತಿ. ಕಡ್ಲಿ ಹಾಕು. ಹೂವಿಗೆ ಬಂದಾಗ ಒಂದು ಸಲ, ಕಾಯಿ ಕಟ್ಟುಮುಂದ ಒಂದು ಸಲ, ಪೈಪು ಎಳದು ನಾ ನೀರು ಕೊಡ್ತೀನಿ. ನೀ ಕೇಳಿದ್ದು ಖರೆ ಐತಿ. ನಿನ್ನ ಹೊಲದ ನೀರ ನನ್ನ ಬಾವಿಗೆ ಬರ್ತೈತಿ."

"ಈಗ ಅಂತೀರಿ. ಬ್ಯಾಸಗ್ಯಾಗ ನಿಮ್ಮ ಗಿಡಕ್ಕ ಸಾಲದಾದ್ರ?"

ಯಜಮಾನ್ರು ತೋಟದ ಕಡೆ ನೋಡಿದರು. "ಮ್ಯಾಲಿನ ತುಂಡಿನಾಗಿನ ಗಿಡ ಮುದುಕ ಆಗ್ಯಾವು, ಹಣ್ಣಿಗೆ ಚುಕ್ಕಿ ಬೀಳ್ತಾವು. ಅವನ್ನ ತಗಿಸ್ತೀನಿ. ಅವು ಕುಡಿಯೂ ನೀರು ಹುಡುಗೂರಿಗೂ ಆಗ್ತೈತಿ, ನಿನ್ನ ಕಡ್ಲಿಗೂ ಆಗ್ತೈತಿ."

ತರುಣ ಹೋಗಿ ಲಾರಿಯವರಿಗೆ ಕಂಬ ಇಳಿಸಲು ಹೇಳಿದ. ದೂರದಿಂದ ಬಂದವರು, ತಮಿಳು ಬೆರೆತ ಕನ್ನಡದಲ್ಲಿ ಗೊಣಗಿದರು. ಅಕ್ಕೋರು ಅವರೆಲ್ಲರನ್ನೂ ಮನೆಗೆ ಕರೆತಂದು ಮಂಡಕ್ಕಿ ಒಗ್ಗರಣೆ ಮಾಡಿ, ಚಹಾ ಕೊಟ್ಟು ಕಳಿಸಿದರು. ಲಾರಿ ಊರು ದಾಟುವವರೆಗೆ ನನಗೆ ನಂಬಿಕೆ ಬರಲಿಲ್ಲ.

ವಾರದೊಳಗೆ ಹಳೆಯ ದಾಳಿಂಬೆ ಗಿಡಗಳು ಬುಡಸಮೇತ ಬದುವಿನ ಮೇಲೆ ಬಿದ್ದಿದ್ದವು. ಯಜಮಾನ್ರ ಹೆಂಡತಿ ಅವುಗಳನ್ನು ಕಟ್ಟಿಗೆಗೆಂದು ಒಟ್ಟುತ್ತ, "ನಾನು ಕೈಯಾರೆ ಹಚ್ಚಿದ ಗಿಡ" ಎಂದು ಒಂದೇ ಸಲ ಅಂದರು, ಮತ್ತೆ ಆ ಮಾತು ಎತ್ತಲಿಲ್ಲ. ಆ ದಿನದಿಂದ ಯಜಮಾನ್ರ ಟ್ರ್ಯಾಕ್ಟರಿನಲ್ಲಿ ಡ್ರಮ್ಮುಗಳಲ್ಲಿ ಸಾಲಿಗೆ ನೀರು ಬರತೊಡಗಿತು. ಮಕ್ಕಳು ಡ್ರಮ್ಮಿನ ಸುತ್ತ ಸಾಲು ನಿಂತು ತಮ್ಮ ಬಾಟಲಿ ತುಂಬಿಕೊಳ್ಳುತ್ತಿದ್ದರು. ಮನೆಗೂ ಒಂದು ಬಾಟಲಿ. ಅಕ್ಕೋರ ತಾಯಿ ಮೊದಲ ಗುಟುಕು ಕುಡಿದು, "ಸಣ್ಣಾಕಿ ಇದ್ದಾಗ ಇಂಥಾ ನೀರು ಕುಡಿದಿದ್ದೆ" ಎಂದರು. ಅವರ ಕಾಲದಲ್ಲಿ ಎಲ್ಲರೂ ತೆರೆದ ಬಾವಿಗಳ ನೀರನ್ನೇ ಕುಡಿಯುತ್ತಿದ್ದದ್ದು.

ಮೊದಲ ಬೇಸಿಗೆ ಬಹಳ ಕಷ್ಟದ್ದಾಯಿತು. ಬಾವಿಯ ಮೆಟ್ಟಿಲುಗಳು ಒಂದೊಂದಾಗಿ ಮೇಲೆದ್ದು ಕಾಣತೊಡಗಿದವು. ನಾನು ವಾರವಾರ ಅಳೆದೆ. ಆ ಹೊತ್ತಿಗೆ ಊರಿಗೂ ಕೊಡತೊಡಗಿದ್ದ ನೀರು ಮನೆಗೆ ಎಷ್ಟು ಕೊಡ ಎಂದು ಹೆಂಗಸರೇ ಕೂತು ನಿರ್ಧರಿಸಿದರು, ಬಾಣಂತಿ ಇದ್ದ ಮನೆಗೆ ಒಂದು ಕೊಡ ಹೆಚ್ಚು. ತರುಣನ ಕಡಲೆ ಮಾತ್ರ ಆಗಲೇ ಮನೆ ಸೇರಿತ್ತು. ಯಜಮಾನ್ರು ಹೇಳಿದಂತೆಯೇ ನೀರು ಕೊಟ್ಟಿದ್ದರು. ರಾಶಿಯ ದಿನ ಅವನು ಇನ್ನೂ ಹಸಿಯಾಗಿ ಉಳಿದಿದ್ದ ಕಡಲೆ ಗಿಡಗಳನ್ನು ಸುಟ್ಟು ನಮ್ಮೆಲ್ಲರಿಗೂ ತಿನ್ನಿಸಿದ. ಅಂಗೈಯೆಲ್ಲ ಮಸಿ ಮಾಡಿಕೊಂಡು, ಹೊಲದಲ್ಲೇ ಕೂತು ತಿಂದೆವು.

ಮುಂಗಾರು ತಡವಾಯಿತು. ಬಂದಾಗ ಮಾತ್ರ ಒಂದು ಮಧ್ಯಾಹ್ನ ಹಳ್ಳ ತುಂಬಿ ಹರಿಯಿತು. ಹೂಳು ತೆಗೆದ ಒಡ್ಡುಗಳಲ್ಲಿ ಕೆಂಪು ನೀರು ನಿಂತಿತು. ಸಾಲಿ ಬಿಡುವ ಹೊತ್ತಿಗೆ ಅಕ್ಕೋರು ಮಕ್ಕಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಬಂದರು. ಯಜಮಾನ್ರು, ತರುಣ, ಒಡ್ಡು ತೋಡಿದ ಹೆಂಗಸರು ಎಲ್ಲರೂ ದಂಡೆಯಲ್ಲಿ ನಿಂತು ನೋಡುತ್ತಿದ್ದೆವು. ಕೆಲವು ದಿನಗಳಲ್ಲಿ ಬಾವಿಯ ನೀರು ಏರತೊಡಗಿತು. ನಾನು ಟೇಪು ಬಿಡುವ ಮೊದಲು ಯಜಮಾನ್ರು ಹೇಳಿದ ಅಂದಾಜು ಆ ಸಲವೂ ತಪ್ಪಾಯಿತು. ಅವರು ಹೇಳಿದ್ದಕ್ಕಿಂತ ನೀರು ಹೆಚ್ಚೇ ಇತ್ತು. ತಪ್ಪಾದರೂ ಅವರಿಗೆ ಟೇಪಿನ ಮೇಲೆ ಸಿಟ್ಟು ಬರದಿದ್ದದ್ದು ಅದೇ ಮೊದಲು.

ಆಮೇಲೆ ಪಂಚಾಯತಿಯವರು ಬಾವಿಯಿಂದ ಸಾಲಿಗೆ ಪೈಪು ಹಾಕಿಸಿದರು. ಅಕ್ಕೋರ ಹಲ್ಲಿನ ಕಲೆ ಹೋಗಲಿಲ್ಲ, ಹೋಗುವುದೂ ಇಲ್ಲ. ತಾಯಿಯ ಬೆನ್ನು ನೆಟ್ಟಗಾಗಲಿಲ್ಲ. ಆದರೆ ಕೆಲವು ವರ್ಷಗಳ ಮೇಲೆ ಒಂದು ದಿನ ಅಕ್ಕೋರು ನನ್ನನ್ನು ಒಂದನೇ ತರಗತಿಗೆ ಕರೆದೊಯ್ದು, ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತಿದ್ದ ಮಕ್ಕಳ ಬಾಯಿಗಳನ್ನು ಒಬ್ಬೊಬ್ಬರದಾಗಿ ತೆರೆಸಿ ತೋರಿಸಿದರು. "ನೋಡ್ರಿ, ಬೆಳ್ಳಗ ಅದಾವ" ಎಂದು ಪ್ರತಿ ಮಗುವಿನ ಹತ್ತಿರವೂ ಹೇಳಿದರು. ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಸಿಕ್ಕಿಲ್ಲ.

ಈಗ ನಾನು ಕೊಪ್ಪಳದ ಕಚೇರಿಯಲ್ಲಿರುತ್ತೇನೆ. ಬೇರೆ ಬೇರೆ ತಾಲೂಕುಗಳ ಶಿಕ್ಷಕರಿಗೆ, ರೈತರಿಗೆ ತರಬೇತಿ ನಡೆಸುವುದು ನನ್ನ ಪಾಲಿನ ಕೆಲಸ. ಹಳ್ಳಿಗಳಿಗೆ ಹೋಗುವಾಗ ಆ ತರುಣನನ್ನು ಜೊತೆಗೆ ಕರೆದೊಯ್ಯುತ್ತೇನೆ. ಬೋರ್ ಲಾರಿ ಕರೆಸಿದ ಕಥೆಯನ್ನು ಅವನೇ ಹೇಳುತ್ತಾನೆ. "ಮೊದಲ ನಿಮ್ಮೂರಾಗ ಕೈ ಎತ್ತದವರು ಯಾರಂತ ನೋಡ್ರಿ, ಅವರನ್ನ ಮಾತಾಡಸ್ರಿ" ಎನ್ನುತ್ತಾನೆ. ಜನ ನನ್ನ ನಕಾಶೆಗಳಿಗಿಂತ ಅವನ ಮಾತನ್ನು ಗಮನವಿಟ್ಟು ಕೇಳುತ್ತಾರೆ.

ಎರಡು ವರ್ಷದ ಹಿಂದೆ ಗಂಗಾವತಿಯಲ್ಲಿ ಕಾಲುವೆ ಭಾಗದ ರೈತರ ಸಭೆ ಇತ್ತು. ಅಕ್ಕೋರನ್ನೂ ಯಜಮಾನ್ರನ್ನೂ ಕರೆದುಕೊಂಡು ಹೋದೆ. ಸಭೆ ಮುಗಿದ ಮೇಲೆ ನಮ್ಮೂರಿಗೇ ಹೋದೆವು. ಅವರಿಬ್ಬರೂ ನಮ್ಮ ಮನೆಯಲ್ಲಿ ಒಂದು ದಿನ ಉಳಿಯಬೇಕೆಂದು ಅಪ್ಪನ ಹಟ. ನನ್ನನ್ನು ಇಟ್ಟುಕೊಂಡು ಸಾಕಿದವರು ಎಂದು ಅವ್ವ ಅಕ್ಕೋರ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಯಜಮಾನ್ರು ಹಿತ್ತಲಿಗೆ ಹೋಗಿ ತುಂಬಿ ಹರಿಯುವ ಕಾಲುವೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು: "ಗೌಡ್ರ, ಇದರ ತುದಿ ಎಲ್ಲೈತ್ರಿ?"

ಅಪ್ಪ ಮುನಿರಾಬಾದಿನ ಕಡೆ ಕೈ ತೋರಿಸಿದ. "ಡ್ಯಾಮಿನಿಂದ ಬರ್ತೈತ್ರಿ."

"ಅದು ತಲಿ ಆತ್ರಿ. ತುದಿ ಎಲ್ಲೈತಿ? ಈ ನೀರು ಎಲ್ಲಿಗೆ ಹೋಗಿ ಮುಗಿತೈತಿ?"

ಅಪ್ಪ ಆ ನೀರಿನ ದಂಡೆಯಲ್ಲೇ ಮುದುಕನಾದವನು. ತುದಿಯನ್ನು ಒಮ್ಮೆಯೂ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಅಪ್ಪನ ಮೋಟರ್ ಸೈಕಲ್ ಹತ್ತಿ ಉಪಕಾಲುವೆಯ ದಂಡೆ ಹಿಡಿದು ಹೊರಟರು. ಬಂದದ್ದು ಹೊತ್ತು ಬಾಗಿದ ಮೇಲೆ. ತುದಿಯಲ್ಲಿ ಕಾಲುವೆಯೊಳಗೆ ಆಪು ಹುಲ್ಲು ಬೆಳೆದಿತ್ತಂತೆ, ಗದ್ದೆಗಳು ಬಿರುಕು ಬಿಟ್ಟಿದ್ದವಂತೆ. ಅಲ್ಲಿನ ಒಂದು ಮನೆಯವರು ಇವರಿಬ್ಬರನ್ನೂ ಕೂಡಿಸಿ, ಕೊಂಡು ತಂದ ಅಕ್ಕಿಯಲ್ಲಿ ಊಟಕ್ಕಿಟ್ಟರಂತೆ. "ನೆಲ್ಲಿನ ಸೀಮ್ಯಾಗ ಇದ್ದು ಅಕ್ಕಿ ಕೊಂಡು ತಿಂತಾರ," ಎಂದ ಅಪ್ಪ.

ಮುಂದಿನ ಹಂಗಾಮಿಗೆ ಅಪ್ಪ ತನ್ನ ಸರದಿ ಮುಗಿದ ಕೂಡಲೇ ಗದ್ದೆಯ ತೂಬನ್ನು ತಾನೇ ಮುಚ್ಚತೊಡಗಿದ. ರಾತ್ರಿಯಿಡೀ ನೀರು ಬಿಟ್ಟು ಮಲಗುವ ಅಕ್ಕಪಕ್ಕದವರ ಮನೆಗಳಿಗೆ ಹೋಗಿ, ಕೆಳಗಿನವರ ಬಿರುಕು ಗದ್ದೆಗಳ ಮಾತು ಹೇಳಿದ. ಕೆಲವರು ಕೇಳಿದರು, ಕೆಲವರು ನಕ್ಕು ಕಳಿಸಿದರು. ಆದರೂ ಆ ವರ್ಷ ಒಂದಿಷ್ಟು ನೀರು ತುದಿಗೆ ಮುಟ್ಟಿತು. ಈ ಬುದ್ಧಿಯನ್ನು ನಾನು ಅಪ್ಪನಿಗೆ ಎಂದೂ ಹೇಳಿಕೊಡಲು ಆಗುತ್ತಿರಲಿಲ್ಲ. ಅದು ಯಜಮಾನ್ರಿಂದ ಆಯಿತು. ಇದಕ್ಕೆ ಅವರಿಗೆ ಹೇಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ಒಂದು ಸಲ ಫೋನ್ ಮಾಡಿದೆ. "ನಾ ಏನ್ ಮಾಡಿದ್ನವ್ವಾ, ಬರೇ ಹಾದಿ ಕೇಳಿದೆ" ಎಂದು ಮಾತು ಬದಲಿಸಿ, ಹೊಸದಾಗಿ ಹಚ್ಚಿದ ಪೇರಲ ಗಿಡಗಳ ಸುದ್ದಿ ಹೇಳತೊಡಗಿದರು.

ಸುಗ್ಗಿ ಮುಗಿದ ಮೇಲೆ, ಅಪ್ಪನಿಗೆ ಊಟಕ್ಕಿಟ್ಟ ಆ ಕಾಲುವೆ ತುದಿಯ ಮನೆಯವರು, ಗಂಡ ಹೆಂಡತಿ ಇಬ್ಬರೂ, ತಾವು ಬೆಳೆದ ಹೊಸ ಅಕ್ಕಿಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ನಮ್ಮನೆಗೆ ಬಂದರು. ನಾನೂ ಅಂದು ಊರಿಗೆ ಹೋಗಿದ್ದೆ. "ನಮ್ಮನ್ಯಾಗ ಅಕ್ಕಿಗೆ ಬರ ಬಂದೈತೇನ್ರೋ?" ಎಂದು ಅಪ್ಪ ಜೋರಾಗಿ ನಕ್ಕ. ನಗುತ್ತಲೇ ಚೀಲ ಬಿಚ್ಚಿ, ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಿ, ಮಧ್ಯಾಹ್ನಕ್ಕೆ ಅದನ್ನೇ ಅನ್ನ ಮಾಡು ಎಂದು ಅವ್ವನಿಗೆ ಹೇಳಿದ.